ಮಡಚಿದ ಕೊಡೆ

ಜ್ವರ ಬಂದರೆ ಮಾತ್ರೆ ನುಂಗುವುದು ಎಲ್ಲರೂ ಬಲ್ಲ ಸಂಗತಿ. ಮೈಯಲ್ಲಿ ಯಾವ ಬೇನೆಯೂ ಇಲ್ಲದೆ, ಊಟ ನಿದ್ರೆಗಳೆಲ್ಲ ಸಾಂಗವಾಗಿ ನಡೆದಿರುವಾಗ ದಿನಕ್ಕೊಂದು ಮಾತ್ರೆ ನುಂಗಿರೆಂದರೆ ಯಾರಿಗೆ ತಾನೆ ಮನಸ್ಸು ಬಂದೀತು? ನಮಗಂತೂ ಬರಲಿಲ್ಲ.

ನಮಗೀಗ 37 ವರ್ಷ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟ್ರಾಲು 192 ಎಂದು ಬಂತು. ಡಾಕ್ಟರು ಮೊದಲು ಕೇಳಿದ್ದು ನಮ್ಮ ಊಟದ ವಿಷಯವನ್ನಲ್ಲ, ತಂದೆಯವರ ವಿಷಯವನ್ನು. ತೀರ್ಥರೂಪರು 51ನೆಯ ವಯಸ್ಸಿನಲ್ಲಿ ದಾದರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲವೆಂದೆವು. ಡಾಕ್ಟರು ಅಟೊರ್ವಾಸ್ಟಾಟಿನ್ 20 ಮಿಲಿಗ್ರಾಂ ಬರೆದುಕೊಟ್ಟರು.

"ಈ ವಯಸ್ಸಿಗೇ ಮಾತ್ರೆಯೇನೋ?" ಎಂದು ತಾಯಿಯವರು ನೊಂದುಕೊಂಡರು. "ಒಮ್ಮೆ ಹಿಡಿದರೆ ಬಿಡುವಂತಿಲ್ಲವಂತೆ" ಎಂದು ಕಚೇರಿಯ ಮಿತ್ರರು ಹೆದರಿಸಿದರು. ನಮ್ಮಾಕೆ ಮಾತ್ರ ಏನೂ ಹೇಳದೆ ತುಪ್ಪದ ಚಮಚವನ್ನು ಚಿಕ್ಕದು ಮಾಡಿದಳು. ಮೂರು ತಿಂಗಳಿಗೆ 192 ಇದ್ದದ್ದು 108ಕ್ಕೆ ಇಳಿಯಿತು. ನಮ್ಮ ಸಂತೋಷ ಕೇಳಬೇಕೆ! ರೋಗ ಹೋಯಿತೆಂದು ನಾವೇ ಷರಾ ಬರೆದು, ಮಾತ್ರೆಯ ಕಡತವನ್ನು ಮುಕ್ತಾಯ ಮಾಡಿದೆವು.

ಮುಂದಿನ ಪರೀಕ್ಷೆಯಲ್ಲಿ ಮತ್ತೆ 186! ಡಾಕ್ಟರು ಸಿಟ್ಟಾಗಲಿಲ್ಲ. ಹೊರಗೆ ಮುಂಬಯಿಯ ಮಳೆ ಹೊಯ್ಯುತ್ತಿತ್ತು. "ಕೊಡೆ ಹಿಡಿದು ಬಂದಿದ್ದೀರಿ, ಅಂಗಿ ನೆನೆದಿಲ್ಲ. ನೆನೆದಿಲ್ಲವೆಂದು ನಡುರಸ್ತೆಯಲ್ಲಿ ಕೊಡೆ ಮಡಚುತ್ತೀರಾ?" ಎಂದರು. ಕೊಲೆಸ್ಟ್ರಾಲಿನ ಹೆಚ್ಚಿನ ಪಾಲು ತಟ್ಟೆಯಿಂದ ಬರುವುದಲ್ಲ, ನಮ್ಮ ದೇಹವೇ ತಯಾರಿಸುವುದಂತೆ. ಅದರಲ್ಲಿ ಯಕೃತ್ತಿನದು ದೊಡ್ಡ ಕೈ. ಮಾತ್ರೆ ಆ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಆಗ ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದ ಸೆಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕಾರ್ಖಾನೆ ಮತ್ತೆ ಮೊದಲಿನಂತೆಯೇ. "ಸ್ನಾಯು ನೋವು ಗೀವು ಕಂಡರೆ ಬಂದು ಹೇಳಿರಿ, ನೀವಾಗಿಯೇ ಬಿಡಬೇಡಿರಿ" ಎಂದೂ ಎಚ್ಚರಿಸಿದರು.

ಈ ಕುಲದ ಔಷಧಿಗಳ ಮೂಲವನ್ನು ಕಂಡುಹಿಡಿದವರು ಜಪಾನಿನ ವಿಜ್ಞಾನಿ ಅಕಿರಾ ಎಂಡೊ. ಸಾವಿರಾರು ಶಿಲೀಂಧ್ರಗಳನ್ನು ಜರಡಿ ಹಿಡಿದ ಮೇಲೆ, 1973ರಲ್ಲಿ, ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಲ್ಲಿ ಅವರಿಗೆ ಅದು ಸಿಕ್ಕಿತು. ಇದನ್ನು ಹೇಳಿದಾಗ ತಾಯಿಯವರು, "ಬೂಷ್ಟು ಹಿಡಿದ ಅಕ್ಕಿಯನ್ನು ನಾವು ಚೆಲ್ಲುತ್ತಿದ್ದೆವಲ್ಲೋ!" ಎಂದು ಬೆರಗಾದರು. ಮರುದಿನದಿಂದ ಊಟವಾದೊಡನೆ ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದಿಡುವವರು ಅವರೇ.

ಇಂಥ ಕೊಲೆಸ್ಟ್ರಾಲು ಮನೆತನದಲ್ಲಿ ಹರಿದು ಬರಬಹುದೆಂದು ಡಾಕ್ಟರು ಹೇಳಿದ್ದರಿಂದ, ಪುಣೆಯಲ್ಲಿರುವ ತಮ್ಮನಿಗೂ ಪರೀಕ್ಷೆ ಮಾಡಿಸಿಕೊಳ್ಳೆಂದು ತಿಳಿಸಿದೆವು. "ನನಗೇನಾಗಿದೆ ಅಣ್ಣಾ? ಗಟ್ಟಿಮುಟ್ಟಾಗಿದ್ದೇನಲ್ಲ!" ಎಂದು ನಕ್ಕನು. ತೀರ್ಥರೂಪರೂ ಇದೇ ಮಾತನ್ನು ಆಡುತ್ತಿದ್ದರು. ಬರುವ ಭಾನುವಾರ ನಾವೇ ಪುಣೆಗೆ ಹೊರಟಿದ್ದೇವೆ. ಅವನನ್ನು ಕೈಹಿಡಿದು ಪರೀಕ್ಷೆಗೆ ಕರೆದೊಯ್ಯದೆ ಹಿಂದಿರುಗುವವರಲ್ಲ.