ಅವಸರದ ರೊಟ್ಟಿ

ಒಂದೇ ವಸ್ತುವಿಗೆ ಬೇರೆ ಬೇರೆ ಜನ ಇಟ್ಟ ಹೆಸರುಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಆ ವಸ್ತುವಿನ ಒಳಗುಟ್ಟು ಸ್ವಲ್ಪಸ್ವಲ್ಪವಾಗಿ ತೆರೆದುಕೊಳ್ಳುತ್ತದೆ. ಕ್ಯಾಥೊಲಿಕ್ ಕ್ರೈಸ್ತರ ಬಲಿಪೂಜೆಯ ನಡುವೆ ಗುರುಗಳು ಎತ್ತಿ ಹಿಡಿಯುವ ಬಿಳಿಯ ಬಿಲ್ಲೆಗೆ ಕನ್ನಡದಲ್ಲಿ ಪರಮಪ್ರಸಾದವೆಂದು ಹೆಸರು. ಕೋಲಾರದ ಚಿನ್ನದ ಗಣಿಯ ಕ್ರೈಸ್ತರಲ್ಲಿ ಹೆಚ್ಚಿನವರ ಮನೆಮಾತು ತಮಿಳು. ಅವರು ಅದನ್ನು ‘ನರ್ಕರುಣೈ’ ಎನ್ನುತ್ತಾರೆ, ಎಂದರೆ ಒಳ್ಳೆಯ ಕರುಣೆ. ಮೊದಲ ಕ್ರೈಸ್ತರು ಬಳಸಿದ ‘ಯೂಕರಿಸ್ತಿಯ’ ಎಂಬ ಗ್ರೀಕ್ ಪದಕ್ಕೆ ಕೃತಜ್ಞತೆ ಸಲ್ಲಿಸುವುದು ಎಂದರ್ಥ. ಕೊಡುವವನ ಕಡೆಯಿಂದ ಕರುಣೆ, ಪಡೆಯುವವನ ಕೈಯಲ್ಲಿ ಪ್ರಸಾದ, ಪಡೆದ ಮೇಲೆ ಕೃತಜ್ಞತೆ!

ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಗಳಲ್ಲಿ ಹಲವು ವರ್ಷ ಮೇಷ್ಟರಾಗಿ ಬಾಳಿದ ನನಗೆ ಈ ಹೆಸರುಗಳು ದಿನವೂ ಕಿವಿಗೆ ಬೀಳುತ್ತಿದ್ದವು. ನಾನು ಆ ಮತದವನಲ್ಲ. ಆದರೆ ನೆರೆಯವರು ಯಾವುದರ ಮುಂದೆ ಮಂಡಿಯೂರುತ್ತಾರೋ ಅದರ ಕಥೆ ತಿಳಿಯದೆ ನೆರೆಯಲ್ಲಿ ಬಾಳುವುದು ಸರಿಯಲ್ಲವೆಂದು ತೋರಿ, ಒಂದು ಬೇಸಿಗೆಯ ರಜೆಯಲ್ಲಿ ಬೈಬಲ್ಲನ್ನು ಬಿಡಿಸಿ ಕುಳಿತೆ.

ಕಥೆಯ ಬೇರು ಐಗುಪ್ತ ದೇಶದಲ್ಲಿದೆ. ಅಲ್ಲಿ ದಾಸರಾಗಿ ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲರು ಒಂದು ರಾತ್ರಿ ಬಿಡುಗಡೆ ಹೊಂದಿ ಹೊರಟರು. ವಿಮೋಚನಕಾಂಡದ 12ನೆಯ ಅಧ್ಯಾಯ ಆ ರಾತ್ರಿಯ ಊಟವನ್ನು ವರ್ಣಿಸುತ್ತದೆ: ಸೊಂಟ ಬಿಗಿದು, ಕಾಲಿಗೆ ಕೆರ ಮೆಟ್ಟಿ, ಕೈಯಲ್ಲಿ ಕೋಲು ಹಿಡಿದು, ಹೊರಡುವ ಧಾವಂತದಲ್ಲಿ ಉಣ್ಣಬೇಕು. ಕೊಯ್ದ ಕುರಿಮರಿಯ ರಕ್ತವನ್ನು ಬಾಗಿಲುವಾಡಕ್ಕೆ ಹಚ್ಚಬೇಕು. ಹಿಟ್ಟು ಹುಳಿಯೇರುವಷ್ಟು ಹೊತ್ತೂ ಇರಲಿಲ್ಲವಾದ್ದರಿಂದ ರೊಟ್ಟಿಗೆ ಹುಳಿಯಿಲ್ಲ. ವರ್ಷವರ್ಷವೂ ಈ ಬಿಡುಗಡೆಯನ್ನು ನೆನೆಯುವ ಹಬ್ಬವೇ ಪಸ್ಕ. ಇಂದಿಗೂ ನಮ್ಮ ನಾಡಿನ ಕ್ಯಾಥೊಲಿಕ್ ಗುಡಿಗಳಲ್ಲಿ ಬಹುತೇಕ ಕಡೆ ಪ್ರಸಾದದ ಬಿಲ್ಲೆಯನ್ನು ಗೋಧಿಹಿಟ್ಟು, ನೀರು ಇವೆರಡರಿಂದಲೇ, ಹುಳಿ ಸೇರಿಸದೆ ಸುಡುತ್ತಾರೆ. ಅದು ಅವಸರದ ರೊಟ್ಟಿ; ದಾಸ್ಯದಿಂದ ಹೊರಟು ನಿಂತವರ ಬುತ್ತಿ.

ಮತ್ತಾಯ, ಮಾರ್ಕ, ಲೂಕ ಈ ಮೂವರೂ ಯೇಸುವಿನ ಕಡೆಯ ಭೋಜನವನ್ನು ಪಸ್ಕದ ಊಟವೆಂದೇ ಹೇಳುತ್ತಾರೆ. ಅಂದು ಆತ ರೊಟ್ಟಿಯನ್ನು ಮುರಿದು ತನ್ನ ದೇಹವೆಂದು ಶಿಷ್ಯರಿಗೆ ಕೊಟ್ಟ. ದ್ರಾಕ್ಷಾರಸದ ಬಟ್ಟಲನ್ನು ಒಡಂಬಡಿಕೆಯ ರಕ್ತವೆಂದು ಕೊಟ್ಟ. ಹಿಂದೆ ಸೀನಾಯಿ ಬೆಟ್ಟದ ಬಳಿ ಮೋಶೆ ಬಲಿಯ ರಕ್ತವನ್ನು ಜನರ ಮೇಲೆ ಚಿಮುಕಿಸಿ ಒಡಂಬಡಿಕೆ ಮಾಡಿದ್ದನ್ನು ಬಲ್ಲವರಿಗೆ ಆ ಮಾತಿನ ಭಾರ ತಿಳಿಯದೆ ಇರಲಾರದು. ಯೋಹಾನನು ತನ್ನ ಭೋಜನದ ಪ್ರಸಂಗದಲ್ಲಿ ಈ ಮಾತುಗಳನ್ನು ಬರೆಯಲಿಲ್ಲ. ಬದಲಾಗಿ 6ನೆಯ ಅಧ್ಯಾಯದಲ್ಲಿ, ಐದು ರೊಟ್ಟಿಗಳಿಂದ ಐದು ಸಾವಿರ ಜನ ಉಂಡ ಕಥೆಯನ್ನು ಹೇಳಿ, ಯೇಸು ತನ್ನನ್ನೇ ಜೀವದ ರೊಟ್ಟಿಯೆಂದು ಕರೆದುಕೊಂಡದ್ದನ್ನು ತಿಳಿಸಿದ. ಅವು ಜವೆಗೋಧಿಯ ರೊಟ್ಟಿಗಳೆಂದು ಹೇಳಿದವನು ಅವನೊಬ್ಬನೇ. ಜವೆಗೋಧಿ ಅಲ್ಲಿಯ ಬಡವರ ಧಾನ್ಯ. ಕೋಲಾರದ ಸೀಮೆಯವರಿಗೆ ರಾಗಿಯನ್ನು ನೆನೆದರೆ ಸಾಕು, ಅರ್ಥವಾಗುತ್ತದೆ.

ಮಾತು ಕಠಿಣವೆಂದು ಅಂದೇ ಹಲವು ಶಿಷ್ಯರು ಬಿಟ್ಟು ಹೋದರಂತೆ. ಕ್ಯಾಥೊಲಿಕರು ಅದನ್ನು ಅಕ್ಷರಶಃ ನಂಬಿದರು. ರುಚಿ, ಬಣ್ಣ, ಆಕಾರಗಳು ರೊಟ್ಟಿಯವಾಗಿಯೇ ಉಳಿದರೂ ಅದರ ಸತ್ತ್ವವೇ ಕ್ರಿಸ್ತನ ದೇಹವಾಗುತ್ತದೆಂದು 1551ರಲ್ಲಿ ಟ್ರೆಂಟಿನ ಮಹಾಸಭೆ ನಿರ್ಣಯಿಸಿತು. ಬೇರೆ ಸಭೆಗಳವರು ಬೇರೆ ಬಗೆಯಾಗಿ ತಿಳಿಯುತ್ತಾರೆ. ಆ ವಾದಕ್ಕೆ ಇಳಿಯುವ ಅರ್ಹತೆ ನನಗಿಲ್ಲ.

ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು ಸಂಗತಿ. ಈ ಭೋಜನದ ವಿಷಯವಾಗಿ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಸುವಾರ್ತೆಗಳಲ್ಲಿಲ್ಲ, ಸುಮಾರು ಕ್ರಿ.ಶ. 55ರಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿದೆ. ಆ ಪತ್ರದಲ್ಲಿ ಅದು ಬರುವುದು ಒಂದು ಗದರಿಕೆಯ ನಡುವೆ! ಉಳ್ಳವರು ಮೊದಲೇ ಕುಳಿತು ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಹಾಗೆ ಹಿಂದುಳಿದವರು ದುಡಿಮೆ ಮುಗಿಸಿ ತಡವಾಗಿ ಬರುತ್ತಿದ್ದ ಕೂಲಿಗಳು, ದಾಸರು ಇದ್ದಿರಬೇಕೆಂದು ಪಂಡಿತರಲ್ಲಿ ಹಲವರ ಊಹೆ. ಉಣ್ಣಲು ಸೇರುವಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂಬುದು ಪೌಲನು ಕಡೆಗೆ ವಿಧಿಸಿದ ಕಟ್ಟಳೆ.

ಈ ಕಟ್ಟಳೆಯ ತೂಕ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನಮ್ಮ ಬೀದಿಯಲ್ಲಿ, ಗಣಿಯಲ್ಲಿ ದುಡಿದು ನಿವೃತ್ತನಾದ ವೃದ್ಧನೊಬ್ಬನಿದ್ದ. ಅವನ ಯೌವನದಲ್ಲಿ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ನಿಯಮವಿತ್ತು. ಶನಿವಾರದ ರಾತ್ರಿ ಶಿಫ್ಟಿಗೆ ಇಳಿದವನ ಪಾಡನ್ನು ಊಹಿಸಿಕೊಳ್ಳಿ. ನೆಲದಡಿಯ ಬಂಡೆ ಉಗುಳುವ ಸೆಕೆಯಲ್ಲಿ ಬೆವರು ಹೊಳೆಯಾಗಿ ಹರಿಯುತ್ತದೆ.

“ಒಂದು ಗುಟುಕೂ ಕುಡಿಯುತ್ತಿರಲಿಲ್ಲವೆ?” ಎಂದು ಕೇಳಿದೆ.

“ಕುಡಿದ ವಾರ ಕಡೆಯ ಬೆಂಚಿನಲ್ಲಿ ಕೂತಿರುತ್ತಿದ್ದೆ ಮೇಷ್ಟ್ರೇ, ಎದ್ದು ಮುಂದೆ ಹೋಗುತ್ತಿರಲಿಲ್ಲ. ಆಮೇಲೆ ರೋಮಿನ ಪೋಪರಿಗೇ ನಮ್ಮ ಶಿಫ್ಟಿನ ವಿಚಾರ ತಿಳಿಯಿತು” ಎಂದು ನಕ್ಕ.

ಅವನದು ಬರಿಯ ಹಾಸ್ಯವಲ್ಲ. 1953ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸರು ನೀರು ಕುಡಿದರೆ ಉಪವಾಸ ಮುರಿಯದೆಂದು ಸಾರಿ, ಸಂಜೆಯ ಪೂಜೆಗೂ ಅವಕಾಶ ಕೊಟ್ಟರು. ಹಗಲಿರುಳು ಪಾಳಿಯಲ್ಲಿ ದುಡಿಯುವ ಕಾರ್ಮಿಕರ ಸ್ಥಿತಿಯನ್ನು ಆ ಶಾಸನವೇ ಕಾರಣವಾಗಿ ಹೇಳಿತ್ತು. ಉಪವಾಸದ ಅವಧಿ 1957ರಲ್ಲಿ ಮೂರು ಗಂಟೆಗೂ 1964ರಲ್ಲಿ ಒಂದು ಗಂಟೆಗೂ ಇಳಿಯಿತು. 1963ರಲ್ಲಿ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಲ್ಯಾಟಿನ್ ಅರಿಯದವನೂ ಪೂಜೆಯ ಮಾತನ್ನು ತನ್ನ ನುಡಿಯಲ್ಲಿ ಕೇಳುವಂತಾಯಿತು. ಸುಮಾರು 1900 ವರ್ಷ ಕಳೆದ ಮೇಲೆ ಪೌಲನ ಕಟ್ಟಳೆ ಗಣಿಯ ಬಾಯಿಗೂ ಬಂದು ಮುಟ್ಟಿತೆಂದೇ ನನ್ನ ಭಾವನೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಗಳು 2001ರಲ್ಲಿ ಮುಚ್ಚಿದವು. ಶಿಫ್ಟಿನ ಕೂಗು ನಿಂತಿತು. ಅವಸರ ಮಾತ್ರ ನಿಲ್ಲಲಿಲ್ಲ. ಈಗ ಸಾವಿರಾರು ಜನ ಕೂಲಿಗಾಗಿ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುತ್ತಾರೆ. ನಿಂತ ನಿಲುವಿನಲ್ಲೇ ಬುತ್ತಿ ಬಿಚ್ಚುತ್ತಾರೆ. ಕಡೆಯ ಭೋಜನವನ್ನು ನೆನೆಯುವ ಪವಿತ್ರ ಗುರುವಾರದ ಸಂಜೆ, ಅದೇ ರೈಲಿನಿಂದ ಇಳಿದು, ಕೈಚೀಲವನ್ನೂ ಮನೆಗೆ ಮುಟ್ಟಿಸದೆ ನೇರವಾಗಿ ಗುಡಿಗೆ ಬರುವವರನ್ನು ಕಂಡಿದ್ದೇನೆ. ಪೂಜೆ ಅರ್ಧ ಮುಗಿದಿರುತ್ತದೆ. ಬೆಂಚಿನಲ್ಲಿ ಕುಳಿತವರು ಮಾತಿಲ್ಲದೆ ಸರಿದು ಜಾಗ ಬಿಡುತ್ತಾರೆ. ಬೈಬಲ್ಲಿನ ಆ ಪುಟಗಳಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ.