ಶಾಸಕರಿಲ್ಲದ ಏಳು ತಿಂಗಳು



ಸ್ವಲ್ಪ ಉದ್ದ ಇದೆ. ಪುರುಸೊತ್ತಾದಾಗ ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಮೊನ್ನೆ ನಮ್ಮ ಒಂದು ವಾಟ್ಸಾಪ್ ಗ್ರೂಪಲ್ಲಿ ಪಾವಗಡದ ಮಾಜಿ ಶಾಸಕರು, ಮಾಜಿ ಸಚಿವರು ವೆಂಕಟರಮಣಪ್ಪನವರ ವಿಷಯಕ್ಕೆ ಹುಡುಗರ ನಡುವೆ ಜಗಳ ಬಿತ್ತು. ಒಬ್ಬ, "ಬಿಜೆಪಿ ಸರ್ಕಾರದಲ್ಲೂ ಮಂತ್ರಿ, ಕಾಂಗ್ರೆಸ್ಸಿಂದಲೂ ಮಂತ್ರಿ, ಸಿದ್ಧಾಂತ ಎಲ್ಲಿದೆ?" ಅಂದ. ಇನ್ನೊಬ್ಬ, "ಮೀಸಲು ಕ್ಷೇತ್ರದವರು ಮಂತ್ರಿ ಆದಾಗ ಮಾತ್ರ ನಿಮಗೆ ಸಿದ್ಧಾಂತ ನೆನಪಾಗುತ್ತಾ?" ಅಂದ. ರಾತ್ರಿ ಹನ್ನೊಂದರವರೆಗೂ ನಡೀತು. ನಾನು ಅಡ್ಮಿನ್. ಎರಡು ಮೆಸೇಜ್ ಡಿಲೀಟ್ ಮಾಡಿ ಮಲಗಿದೆ, ನಿದ್ದೆ ಬರಲಿಲ್ಲ. ಹದಿನೈದು ವರ್ಷದ ಹಿಂದಿನ ಒಂದು ಮಾತು ನೆನಪಾಯ್ತು.

2010ರ ಅಕ್ಟೋಬರ್. ಆಗ ನಾನು ಮಧುಗಿರಿಯಲ್ಲಿ ಒಂದು ಆಫೀಸಲ್ಲಿ ಗುಮಾಸ್ತ. ಈಗಲೂ ಗುಮಾಸ್ತನೇ, ಕುರ್ಚಿ ಮಾತ್ರ ಬದಲಾಗಿದೆ. ಬಿ.ಎ. ಓದಿದೀನಿ, ಕನ್ನಡ ಟೈಪಿಂಗ್ ಬರುತ್ತೆ ಅಂತ ನೆಂಟರಿಷ್ಟರ ಅರ್ಜಿಗಳೆಲ್ಲ ನನ್ನ ತಲೆಗೇ. ಪಾವಗಡದ ಕಡೆ ಕೊಟ್ಟಿರೋ ನಮ್ಮ ಚಿಕ್ಕಮ್ಮ ಒಂದು ಚೀಲ ಹಸಿ ಕಡ್ಲೆಕಾಯಿ ಹಿಡ್ಕೊಂಡು ಬಸ್ಸಲ್ಲಿ ಬಂದಿದ್ರು. ಗುಡಿಸಲಲ್ಲೇ ಇದ್ದೋರು, ಒಂದು ಮನೆಗೆ ಅರ್ಜಿ ಹಾಕಬೇಕಿತ್ತು. ಊಟದ ಬಿಡುವಲ್ಲಿ ಕೂತು ಟೈಪ್ ಮಾಡೋಕೆ ಶುರು ಮಾಡಿದೆ. "ಮಾನ್ಯ ಶಾಸಕರು, ಪಾವಗಡ ವಿಧಾನಸಭಾ ಕ್ಷೇತ್ರ, ಇವರ ಸನ್ನಿಧಾನಕ್ಕೆ..."

ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಇಣುಕಿ ನೋಡಿ ನಕ್ಕರು. "ಯಾವ ಶಾಸಕರ್ರೀ? ಅವರನ್ನ ಮೊನ್ನೆ ಸ್ಪೀಕರ್ರು ಅನರ್ಹ ಮಾಡಿಲ್ವಾ?"

ಹೌದಲ್ಲ! ನನಗೂ ಗೊತ್ತಿದ್ದ ವಿಷಯವೇ, ಕೈ ಮಾತ್ರ ಅಭ್ಯಾಸಬಲದಿಂದ ಟೈಪ್ ಮಾಡ್ತಿತ್ತು. ಚಿಕ್ಕಮ್ಮನಿಗೆ ಹೇಳಿದೆ. ಅವರಿಗೆ ಸ್ಪೀಕರ್ ಗೊತ್ತಿಲ್ಲ, ಅನರ್ಹತೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: "ಅಂಗಾದ್ರೆ ನಾವು ಯಾರ ಹೆಸರಿಗೆ ಬರೀಬೇಕು ಮಗಾ?"

ಮನೆ ಆಮೇಲೆ ಯಾವತ್ತೋ ಆಯ್ತು, ಆ ಕತೆ ಇಲ್ಲಿ ಬೇಡ. ನನ್ನ ತಲೆಯಲ್ಲಿ ಉಳಿದಿದ್ದು ಆ ಪ್ರಶ್ನೆ.

ಏನಾಗಿತ್ತು ಅಂತ ಚಿಕ್ಕ ವಯಸ್ಸಿನವರಿಗೆ ಹೇಳ್ತೀನಿ. 2008ರ ಚುನಾವಣೆಯಲ್ಲಿ ಬಿಜೆಪಿಗೆ 110 ಸೀಟು ಬಂತು. ಬಹುಮತಕ್ಕೆ ಬೇಕಿದ್ದಿದ್ದು 113. ಪಾವಗಡದಲ್ಲಿ ವೆಂಕಟರಮಣಪ್ಪನವರು ಪಕ್ಷೇತರರಾಗಿ ಗೆದ್ದಿದ್ರು. ನಿಜ ಹೇಳಬೇಕು ಅಂದ್ರೆ ಆಗ ನಾವೂ ಖುಷಿಪಟ್ಟಿದ್ವಿ. ಮೀಸಲು ಕ್ಷೇತ್ರದಿಂದ ಪಕ್ಷದ ಚಿಹ್ನೆ ಇಲ್ಲದೆ ಒಬ್ಬರು ಗೆದ್ದು ಬಂದಿದಾರೆ, ಯಾವ ಹೈಕಮಾಂಡ್ ಹಂಗೂ ಇಲ್ಲ, ಇನ್ನು ನಮ್ಮ ಮಾತು ಕೇಳ್ತಾರೆ ಅಂತ. ಆದರೆ ಸರ್ಕಾರ ನಿಲ್ಲೋಕೆ ಪಕ್ಷೇತರರು ಬೇಕಿತ್ತು. ಐದು ಜನ ಬೆಂಬಲ ಕೊಟ್ಟು ಮಂತ್ರಿಗಳಾದರು: ಹೊಸದುರ್ಗದ ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್, ಮಳವಳ್ಳಿಯ ನರೇಂದ್ರಸ್ವಾಮಿ, ಕನಕಗಿರಿಯ ಶಿವರಾಜ ತಂಗಡಗಿ, ಪಾವಗಡದ ವೆಂಕಟರಮಣಪ್ಪ.

2010ರ ಅಕ್ಟೋಬರಲ್ಲಿ ಈ ಐದೂ ಜನ, ಜೊತೆಗೆ ಬಿಜೆಪಿಯ 11 ಶಾಸಕರು, ಯಡಿಯೂರಪ್ಪನವರ ಮೇಲೆ ವಿಶ್ವಾಸ ಇಲ್ಲ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟರು. ವಿಶ್ವಾಸಮತಕ್ಕೆ ಮುಂಚೆಯೇ ಸ್ಪೀಕರ್ ಕೆ.ಜಿ. ಬೋಪಯ್ಯನವರು ಹದಿನಾರೂ ಜನರನ್ನ ಅನರ್ಹ ಮಾಡಿದ್ರು. ಪಕ್ಷೇತರರ ಮೇಲಿನ ಆರೋಪ ಏನು ಅಂದ್ರೆ, ನೀವು ಬಿಜೆಪಿ ಸರ್ಕಾರದಲ್ಲಿ ಮಂತ್ರಿ ಆಗಿದ್ರಿ, ಆ ಪಕ್ಷದ ಸಭೆಗಳಿಗೆ ಹೋಗಿದ್ರಿ, ಹಾಗಾಗಿ ಆ ಪಕ್ಷಕ್ಕೇ ಸೇರಿದ ಹಾಗೆ ಅಂತ. ಹೈಕೋರ್ಟ್ ಇದನ್ನ ಎತ್ತಿಹಿಡೀತು. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ರದ್ದು ಮಾಡ್ತು. ಸರ್ಕಾರಕ್ಕೆ ಬೆಂಬಲ ಕೊಟ್ಟ ಮಾತ್ರಕ್ಕೆ ಪಕ್ಷ ಸೇರಿದ ಹಾಗಲ್ಲ, ಮೇಲಾಗಿ ಉತ್ತರ ಕೊಡೋಕೆ ಸರಿಯಾಗಿ ಸಮಯವನ್ನೂ ಕೊಟ್ಟಿಲ್ಲ ಅಂತ. ಕಾನೂನಿನ ಲೆಕ್ಕದಲ್ಲಿ ವೆಂಕಟರಮಣಪ್ಪನವರಿಗೆ ಅನ್ಯಾಯ ಆಗಿತ್ತು. ಇದನ್ನ ಒಪ್ಪಿಕೊಳ್ಳದೆ ಅವರನ್ನ ಬೈಯೋದು ಸರಿಯಲ್ಲ.

ಆದರೆ ಈ ಮಧ್ಯೆ ಏಳು ತಿಂಗಳು ಪಾವಗಡಕ್ಕೆ ಶಾಸಕರೇ ಇರಲಿಲ್ಲ. ಇನ್ನೊಂದು ಗಮನಿಸಿ. ಆ ಐದರಲ್ಲಿ ಮೂರು, ಅಂದ್ರೆ ಪಾವಗಡ, ಮಳವಳ್ಳಿ, ಕನಕಗಿರಿ, ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು. ಸರ್ಕಾರ ಕಟ್ಟೋಕೆ ಕಲ್ಲು ಬೇಕಾದಾಗ ನಮ್ಮ ಕ್ಷೇತ್ರಗಳು ನೆನಪಾದವು. ಕಿತ್ತು ಹಾಕೋವಾಗ ಕಿತ್ತಿದ್ದೂ ಅವೇ ಕಲ್ಲುಗಳು. ಕಟ್ಟೋವಾಗಲೂ ಕೆಡವೋವಾಗಲೂ ನಮ್ಮ ಚಿಕ್ಕಮ್ಮನನ್ನ ಯಾರೂ ಕೇಳಿಲ್ಲ.

ಮುಂದಿನದು ನಿಮಗೆ ಗೊತ್ತು. 2013ರಲ್ಲಿ ಜೆಡಿಎಸ್‌ನ ತಿಮ್ಮರಾಯಪ್ಪನವರು ಗೆದ್ದರು. 2018ರಲ್ಲಿ ವೆಂಕಟರಮಣಪ್ಪನವರು ಕಾಂಗ್ರೆಸ್ಸಿಂದ ನಿಂತು ಅದೇ ತಿಮ್ಮರಾಯಪ್ಪನವರನ್ನ ಐನೂರಕ್ಕೂ ಕಡಿಮೆ ಮತದಲ್ಲಿ ಸೋಲಿಸಿದ್ರು. ಹಳ್ಳಿ ಹಳ್ಳಿಯಲ್ಲಿ ಎರಡು ಪಾರ್ಟಿ, ಒಂದೇ ಕೇರಿಯಲ್ಲಿ ಅಣ್ಣ ಒಂದು ಕಡೆ ತಮ್ಮ ಒಂದು ಕಡೆ. ಫಲಿತಾಂಶ ಬಂದು ಒಂದು ತಿಂಗಳೊಳಗೆ ಜೆಡಿಎಸ್‌ನ ಕುಮಾರಸ್ವಾಮಿಯವರ ಸಂಪುಟದಲ್ಲಿ ವೆಂಕಟರಮಣಪ್ಪನವರು ಕಾರ್ಮಿಕ ಸಚಿವರು! ಯಾರ ವಿರುದ್ಧ ಮತ ಕೇಳಿದ್ರೋ ಅವರದೇ ಸರ್ಕಾರ. ಬೆಂಗಳೂರಲ್ಲಿ ಕೈ ಕುಲುಕಿದ್ರು, ಕೇರಿಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದು ಹಾಗೇ ಉಳೀತು. 2019ಕ್ಕೆ ಆ ಸರ್ಕಾರವೂ ಬಿತ್ತು. 2023ರಲ್ಲಿ ಅವರ ಮಗ ಎಚ್.ವಿ. ವೆಂಕಟೇಶ್ ಕಾಂಗ್ರೆಸ್ಸಿಂದ ಗೆದ್ದು ಶಾಸಕರಾದರು.

ಈಗ ಹುಡುಗರ ಜಗಳಕ್ಕೆ ಬರ್ತೀನಿ. ಇದನ್ನೆಲ್ಲ ಒಬ್ಬ ಮನುಷ್ಯನ ಗುಣ ಅಂತ ನೋಡಿದ್ರೆ ನಾವು ಇನ್ನೂ ಇಪ್ಪತ್ತು ವರ್ಷ ಗ್ರೂಪಲ್ಲಿ ಕಿತ್ತಾಡಬಹುದು. ಪಕ್ಕದ ಕ್ಷೇತ್ರಗಳನ್ನೂ ಸೇರಿಸಿ ನೋಡಿ.

ಮಧುಗಿರಿ 2008ಕ್ಕೆ ಮುಂಚೆ ಮೀಸಲು ಕ್ಷೇತ್ರ. ಡಾ. ಜಿ. ಪರಮೇಶ್ವರ್ ಗೆದ್ದು ಬೆಳೆದಿದ್ದು ಅಲ್ಲಿಂದಲೇ. 1999ರಲ್ಲಿ 55 ಸಾವಿರಕ್ಕೂ ಹೆಚ್ಚು ಮತದ ಅಂತರ. ಮರುವಿಂಗಡಣೆಯಲ್ಲಿ ಮಧುಗಿರಿ ಸಾಮಾನ್ಯ ಆಯ್ತು, ಕೊರಟಗೆರೆ ಮೀಸಲಾಯ್ತು. ಅವರು ಕೊರಟಗೆರೆಗೆ ಹೋಗಲೇಬೇಕಾಯ್ತು. ಅಷ್ಟು ಮತದಲ್ಲಿ ಗೆಲ್ಲಿಸಿದ ಊರಲ್ಲಿ, ಮೀಸಲಾತಿ ಹೋದ ಮರುಕ್ಷಣ, ಅವರು ನಿಲ್ಲಬಹುದು ಅನ್ನೋ ಮಾತೇ ಏಳಲಿಲ್ಲ. ಅದೇ ವರ್ಷದ ಕೊನೆಗೆ ಮಧುಗಿರಿಯಲ್ಲಿ ಉಪಚುನಾವಣೆ ಬಂತು, ಮಾಜಿ ಮುಖ್ಯಮಂತ್ರಿಗಳ ಪತ್ನಿ ಅನಿತಾ ಕುಮಾರಸ್ವಾಮಿಯವರು ಬಂದು ಗೆದ್ದು ಹೋದರು. 2013ರಲ್ಲಿ ಪರಮೇಶ್ವರ್ ಪಕ್ಷದ ರಾಜ್ಯಾಧ್ಯಕ್ಷರು, ಮುಖ್ಯಮಂತ್ರಿ ಸ್ಥಾನಕ್ಕೆ ಹೆಸರಿತ್ತು. ಪಕ್ಷ ರಾಜ್ಯ ಗೆಲ್ತು, ಅವರು ಕೊರಟಗೆರೆ ಸೋತರು. ಸಾಮಾನ್ಯ ಕ್ಷೇತ್ರದಲ್ಲಿ ನಮ್ಮಂಥವರು ಗೆದ್ದೇ ಇಲ್ಲ ಅಂತ ಹೇಳ್ತಿಲ್ಲ. ಪರಿಶಿಷ್ಟ ಪಂಗಡದ ಕೆ.ಎನ್. ರಾಜಣ್ಣ ಅದೇ ಮಧುಗಿರಿಯಲ್ಲಿ ಗೆದ್ದಿದಾರೆ. ಆದರೆ ಅಂಥವರನ್ನ ಬೆರಳಲ್ಲಿ ಎಣಿಸಬೇಕು. ಪಕ್ಕದ ಶಿರಾ ಸಾಮಾನ್ಯ ಕ್ಷೇತ್ರ. ಅಲ್ಲಿ ಟಿಕೆಟ್ ಹಂಚೋವಾಗ ನಮ್ಮ ಹೆಸರು ಯಾವ ಪಕ್ಷದ ಬಾಯಲ್ಲಿ ಬರುತ್ತೆ ಹೇಳಿ?

ಪಾವಗಡ, ಶಿರಾ ಎರಡೂ ಚಿತ್ರದುರ್ಗ ಲೋಕಸಭೆಗೆ ಸೇರ್ತವೆ. ಅದೂ ಮೀಸಲು. 2019ರ ಸೆಪ್ಟೆಂಬರಲ್ಲಿ ಅಲ್ಲಿನ ಸಂಸದ ಎ. ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ಜಾತಿ ಕಾರಣಕ್ಕೆ ಹಟ್ಟಿಯೊಳಗೆ ಬರಬೇಡಿ ಅಂತ ತಡೆದರು. ಅವರು ವಾಪಸ್ ಬಂದ್ರು. ಹಟ್ಟಿಯವರೂ ಬಡವರೇ, ಅವರ ಮೇಲೆ ಸಿಟ್ಟು ತೀರಿಸಿಕೊಳ್ಳೋಕೆ ಇದನ್ನ ಹೇಳ್ತಿಲ್ಲ. ನಾನು ಯೋಚಿಸೋದು ಇಷ್ಟೇ: ಲಕ್ಷಾಂತರ ಮತ ತಗೊಂಡ ಸಂಸದರು ಊರೊಳಗೆ ಕಾಲಿಡೋಕೆ ಆಗಲ್ಲ ಅಂದ್ರೆ, ಅದೇ ಊರಿನ ಮತ ಮತ್ತೆ ಬೇಕಾದ ಮನುಷ್ಯ ನಮ್ಮ ಪರವಾಗಿ ಎಷ್ಟು ಗಟ್ಟಿಯಾಗಿ ಮಾತಾಡಬಲ್ಲ?

ಇನ್ನು ತಿರುಮಣಿಯ ಸೋಲಾರ್ ಪಾರ್ಕ್. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಂದ ಗುತ್ತಿಗೆ ಹಣ ಶುರುವಾಯ್ತು. ಮಳೆ ಇಲ್ಲದ ಸೀಮೆಯಲ್ಲಿ ಅದು ಒಳ್ಳೇದೇ. ಆದರೆ ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕಡ್ಲೆಕಾಯಿ ಕಿತ್ತು, ಕಳೆ ತೆಗೆದು ಬದುಕ್ತಿದ್ದ ನಮ್ಮವರಿಗೆ ಯಾವ ಗುತ್ತಿಗೆ? ಹೊಲ ಹೋಯ್ತು, ಕೂಲಿ ಹೋಯ್ತು. ಈ ಪ್ರಶ್ನೆಯನ್ನ ಮೀಸಲು ಕ್ಷೇತ್ರದಲ್ಲೇ ಮೊದಲು ಕೇಳಬೇಕಿತ್ತು. ನಾವು ಸಂಘಟನೆಯವರೂ ತಡವಾಗಿ ಕೇಳಿದ್ವಿ, ಅದನ್ನೂ ಬರೆದುಕೊಳ್ಳಿ.

ಬಾಬಾಸಾಹೇಬರಿಗೆ ಇದೆಲ್ಲ 1932ರಲ್ಲೇ ಗೊತ್ತಿತ್ತು. ಅದಕ್ಕೇ ಅವರು ಪ್ರತ್ಯೇಕ ಮತದಾನ ಕೇಳಿದ್ದು. ಗಾಂಧೀಜಿ ಯರವಾಡ ಜೈಲಲ್ಲಿ ಉಪವಾಸ ಕೂತರು, ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಸೀಟು 71ರಿಂದ 148ಕ್ಕೆ ಏರಿತು, ನಮ್ಮ ಪ್ರತಿನಿಧಿಯನ್ನ ನಾವೇ ಆರಿಸೋ ಹಕ್ಕು ಹೋಯ್ತು. ಇಷ್ಟು ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಹೇಳದೇ ಬಿಡೋದು ಒಂದಿದೆ. ಆ ಒಪ್ಪಂದದಲ್ಲೇ ಒಂದು ಕಲಮು ಇತ್ತು: ಮೀಸಲು ಕ್ಷೇತ್ರದಲ್ಲಿ ಮೊದಲು ನಮ್ಮ ಮತದಾರರು ಮಾತ್ರ ಸೇರಿ ನಾಲ್ಕು ಜನ ಅಭ್ಯರ್ಥಿಗಳನ್ನ ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನ ಎಲ್ಲರೂ ಸೇರಿ ಗೆಲ್ಲಿಸಬೇಕು. ಅದಕ್ಕೆ ಹತ್ತು ವರ್ಷದ ಗಡುವು ಇತ್ತು, ಆಮೇಲೆ ಅದು ಮುಂದುವರೀಲಿಲ್ಲ. ಇವತ್ತು ಆ ನಾಲ್ವರನ್ನ ಯಾರು ಆರಿಸ್ತಾರೆ? ಪಕ್ಷದ ಆಫೀಸು, ಗುತ್ತಿಗೆದಾರರು, ಮನೆತನ.

ವೆಂಕಟರಮಣಪ್ಪನವರು ಪಕ್ಷೇತರರಾಗಿದ್ದು, ಮಂತ್ರಿಯಾಗಿದ್ದು, ಅನರ್ಹರಾಗಿದ್ದು, ಮರಳಿ ಬಂದಿದ್ದು, ಮಗನನ್ನ ನೋಡಿದ್ದು, ಇದರಲ್ಲಿ ಒಂದೇ ಒಂದು ಹಂತದಲ್ಲಾದರೂ ನಮ್ಮ ಕೇರಿ "ಆಗಬಹುದು" ಅಥವಾ "ಬೇಡ" ಅಂತ ಹೇಳಿತ್ತಾ? ಹೇಳೋ ಜಾಗವೇ ಇರಲಿಲ್ಲ. ನಾವು ಮಾಡಿದ್ದು ಒಂದೇ, ಗೆದ್ದವರ ಹೆಸರು ಬದಲಾಯಿಸಿ ಅರ್ಜಿ ಟೈಪ್ ಮಾಡಿದ್ದು. ನನ್ನ ಕಂಪ್ಯೂಟರಲ್ಲಿ ಈಗಲೂ ಆ ಫೈಲ್ ಇದೆ. "ಮಾನ್ಯ ಶಾಸಕರು" ಅನ್ನೋದು ಹಾಗೇ ಇರುತ್ತೆ, ಹೆಸರಷ್ಟೇ ಅಳಿಸಿ ಬರೀತೀನಿ.

ಅದಕ್ಕೇ ಒಂದು ಪ್ರಸ್ತಾಪ. ಮುಂದಿನ ಜನಗಣತಿ ಆದ್ಮೇಲೆ ಮತ್ತೆ ಮರುವಿಂಗಡಣೆ ಬರುತ್ತೆ. ಯಾವುದು ಮೀಸಲು, ಯಾವುದು ಸಾಮಾನ್ಯ, ಎಲ್ಲ ಮತ್ತೆ ಅದಲುಬದಲು. ಮಹಿಳಾ ಮೀಸಲಾತಿಯೂ ಸೇರುತ್ತೆ. ಅಷ್ಟರೊಳಗೆ, ಕಾನೂನಲ್ಲಿ ಇಲ್ಲದಿದ್ದರೂ, ಆ ನಾಲ್ವರನ್ನ ಆರಿಸೋ ಕೆಲಸ ನಾವೇ ಶುರು ಮಾಡೋಣ. ಪಾವಗಡ, ಕೊರಟಗೆರೆ ಎರಡರಲ್ಲೂ ಹೋಬಳಿಗೊಂದು ಸಭೆ. ಬರೀ ಸಂಘಟನೆಯ ಗಂಡಸರಲ್ಲ, ಕೂಲಿ ಹೆಣ್ಣುಮಕ್ಕಳು ಬರಬೇಕು. ಎಡ, ಬಲ, ಭೋವಿ, ಲಂಬಾಣಿ, ಎಲ್ಲರೂ ಕೂರಬೇಕು. ಒಳಮೀಸಲಾತಿ ಜಗಳ ಇರೋದೇ, ಅದನ್ನೂ ಅಲ್ಲೇ ಎದುರುಬದುರು ಕೂತು ಆಡೋಣ. ನಾಲ್ಕು ಹೆಸರು ಬರಲಿ. ಪಕ್ಷಗಳು ಆ ನಾಲ್ವರಲ್ಲಿ ಒಬ್ಬರಿಗೆ ಟಿಕೆಟ್ ಕೊಡಲಿ. ಕೊಡದಿದ್ರೆ, ಯಾಕೆ ಕೊಡಲಿಲ್ಲ ಅಂತ ಮತ ಕೇಳೋಕೆ ಬಂದಾಗ ಕೇರಿಯಲ್ಲೇ ನಿಲ್ಲಿಸಿ ಕೇಳೋಣ.

ಇದು ಸುಲಭ ಅಲ್ಲ, ಗೊತ್ತು. ಮೊದಲ ಸಭೆಗೆ ಹತ್ತು ಜನ ಬಂದ್ರೂ ಸಾಕು.

ಕಳೆದ ಭಾನುವಾರ ಚಿಕ್ಕಮ್ಮನಿಗೆ ಫೋನ್ ಮಾಡಿ ಈ ವಿಷಯ ಹೇಳಿದೆ. ಈಗ ಕಿವಿ ಸ್ವಲ್ಪ ಮಂದ, ಎರಡೆರಡು ಸಲ ಹೇಳಬೇಕು. ಪೂರ್ತಿ ಕೇಳಿಸಿಕೊಂಡು, "ನಾಕು ಜನದಾಗೆ ಒಂದು ಹೆಣ್ಣು ಇರ್ಲಿ ಮಗಾ" ಅಂದ್ರು. ಪಟ್ಟಿಗೆ ಮೊದಲನೇ ಷರತ್ತು ಅಂತ ಬರೆದುಕೊಂಡಿದೀನಿ. ಎರಡನೇದು ನೀವು ಹೇಳಿ.

ಜೈ ಭೀಮ್.