ಗ್ಯಾಸಿಲ್ಲದ ತಂಪು

“ಗ್ಯಾಸ್ ಹೋಗಿರ್ಬೇಕು ಸಾರ್, ತುಂಬ್ಸಿಬಿಡಿ” ಎನ್ನುತ್ತಲೇ ಜನ ತಂಪುನೀರಿನ ಪುಟ್ಟ ಡಿಸ್ಪೆನ್ಸರನ್ನು ತಂದು ನನ್ನ ಮೇಜಿನ ಮೇಲಿಡುತ್ತಾರೆ. ಅದರಲ್ಲಿ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಹಿಂಬದಿಯ ಸ್ಕ್ರೂ ಬಿಚ್ಚಿಯೇ ತೋರಿಸಬೇಕು. ನೀರಿನ ಸಣ್ಣ ತೊಟ್ಟಿ, ಅದಕ್ಕೆ ಅಂಟಿದ ಅಲ್ಯೂಮಿನಿಯಂ ತುಂಡು, ಆಚೆಗೆ ದೊಡ್ಡದೊಂದು ಹೀಟ್ ಸಿಂಕ್, ಫ್ಯಾನು. ಲೋಹಗಳೆರಡರ ನಡುವೆ ಸಿಕ್ಕಿಕೊಂಡಿರುವ ನಾಲ್ಕು ಸೆಂಟಿಮೀಟರಿನ ಚೌಕದ ಬಿಳಿ ಬಿಲ್ಲೆಯೇ ಪೆಲ್ಟಿಯರ್. “ಇಷ್ಟೇನಾ?” ಎಂದು ಅವರ ಮುಖ ಸಣ್ಣದಾಗುತ್ತದೆ. ನನಗೋ ಅಲ್ಲಿಂದಲೇ ಹಬ್ಬ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘12706’ ಎಂದರೆ ಸಾಕು, ಅಂಗಡಿಯವರು ಈ ಬಿಲ್ಲೆಯನ್ನು ಕೈಗಿಡುತ್ತಾರೆ. ಜಾತಕವೆಲ್ಲ ಆ ಸಂಖ್ಯೆಯಲ್ಲೇ ಇದೆ: ಬಿಸ್ಮತ್ ಟೆಲ್ಯುರೈಡಿನ ತುಣುಕುಗಳು 127 ಜೋಡಿ, ತಡೆದುಕೊಳ್ಳುವ ಕರೆಂಟು 6 ಆಂಪಿಯರ್. ಡಿ.ಸಿ. ಕರೆಂಟು ಹರಿಸಿದರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿ. ಇದನ್ನು 1834ರಲ್ಲಿ ಕಂಡವನು ಫ್ರಾನ್ಸಿನ ಪೆಲ್ಟಿಯರ್. ವಿಜ್ಞಾನಕ್ಕೆ ಬರುವ ಮೊದಲು ಗಡಿಯಾರದ ಕಸುಬಿನವನು; ಹಾಗಾಗಿ ರಿಪೇರಿಯವರಾದ ನಮಗೆ ಹತ್ತಿರದ ನೆಂಟ ಎಂದುಕೊಂಡಿದ್ದೇನೆ. ನಾಲ್ಕು ವರ್ಷದ ನಂತರ ಲೆಂಟ್ಸ್ ಎಂಬಾತ ಬಿಸ್ಮತ್ ಮತ್ತು ಆಂಟಿಮನಿ ಕೂಡುವಲ್ಲಿ ಒಂದು ಹನಿ ನೀರಿಟ್ಟು ಕರೆಂಟು ಹರಿಸಿ ಹೆಪ್ಪುಗಟ್ಟಿಸಿದ. ಕರೆಂಟನ್ನು ತಿರುಗಿಸಿ ಅದೇ ಹನಿಯನ್ನು ಕರಗಿಸಿದ. ಈಗಲೂ ಕೆಂಪು, ಕಪ್ಪು ತಂತಿ ಅದಲುಬದಲಾದರೆ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು!

ನೀರು ತಣ್ಣಗಾಗಲಿಲ್ಲ ಎಂದರೆ ಎಲ್ಲರ ಕಣ್ಣೂ ತಣ್ಣನೆಯ ಬದಿಗೇ ಹೋಗುತ್ತದೆ. ನಾನು ಹುಡುಕುವುದು ಬಿಸಿಯ ಬದಿಯನ್ನು. ಈ ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ; ನೀರಿನಲ್ಲಿದ್ದ ಬಿಸಿಯನ್ನು ಹಿಂದಕ್ಕೆ ಸಾಗಿಸುತ್ತದೆ, ತಾನು ತಿಂದ ಕರೆಂಟಿನ ಬಿಸಿಯನ್ನೂ ಸೇರಿಸಿ. ಮದುವೆಮನೆಯಲ್ಲಿ ಬಡಿಸುವವರು ಎಷ್ಟೇ ಚುರುಕಾಗಿರಲಿ, ಎಂಜಲೆಲೆ ತೆಗೆಯುವವರು ಬಾರದೆ ಮುಂದಿನ ಪಂಕ್ತಿ ಕೂರಲಾಗದು. ಇಲ್ಲಿ ಎಲೆ ತೆಗೆಯುವವನು ಫ್ಯಾನು. ಅದು ಧೂಳು ತಿಂದು ಮುಲುಗುತ್ತಿದ್ದರೆ ಬಿಸಿಯೆಲ್ಲ ಬಿಲ್ಲೆಯ ಮೂಲಕ ನೀರಿಗೇ ವಾಪಸು. ಅರ್ಧ ಕೇಸುಗಳು ಬ್ರಶ್ಶು, ಹೊಸ ಫ್ಯಾನಿನಲ್ಲೇ ಮುಗಿಯುತ್ತವೆ. ಉಳಿದವುಗಳಲ್ಲಿ ಪವರ್ ಸಪ್ಲೈಯ ತಂಟೆ ಹೆಚ್ಚು: ಬಿಲ್ಲೆ ಜೋಡಿಸದೆ ಅಳೆದರೆ ಸಾಧುವಾಗಿ 12 ವೋಲ್ಟ್ ತೋರಿಸಿ, ಜೋಡಿಸಿದೊಡನೆ ಕುಸಿಯುವ ಕಳ್ಳ. ತಲೆ ಉಬ್ಬಿದ ಕೆಪಾಸಿಟರ್ ಅವನನ್ನು ಹಿಡಿದುಕೊಡುತ್ತದೆ.

ಬಿಲ್ಲೆಯ ಮೇಲೇ ಗುಮಾನಿ ಬಂದರೆ ಬರುವುದು ನನ್ನ ಅಚ್ಚುಮೆಚ್ಚಿನ ಘಳಿಗೆ. ತಂತಿಗಳನ್ನು ಬಿಡಿಸಿ, ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಬಿಲ್ಲೆಯ ಒಂದು ಮುಖಕ್ಕೆ ಅಂಗೈ ಒತ್ತುತ್ತೇನೆ. ಅಂಕಿ ಏರತೊಡಗುತ್ತದೆ. ಆರಲು ಬಿಟ್ಟು ಇನ್ನೊಂದು ಮುಖವನ್ನು ಒತ್ತಿದರೆ ಅಂಕಿಯ ಮುಂದೆ ಮೈನಸ್. 1821ರಲ್ಲಿ ಸೀಬೆಕ್ ಕಂಡ ವಿದ್ಯಮಾನವಿದು: ಎರಡು ಬದಿಗೆ ಬೇರೆಬೇರೆ ಬಿಸಿ ಇದ್ದರೆ ಕರೆಂಟು ತಾನೇ ಹುಟ್ಟುತ್ತದೆ. ಸತ್ತಿದೆ ಎಂದು ತಂದದ್ದು ನನ್ನ ಮೈಬಿಸಿಗೆ ಉತ್ತರ ಕೊಡುವುದನ್ನು ಎಷ್ಟು ಸಲ ನೋಡಿದರೂ ತೃಪ್ತಿಯಿಲ್ಲ. ಒಮ್ಮೊಮ್ಮೆ ಅಗತ್ಯವಿಲ್ಲದಿದ್ದರೂ ಒತ್ತುತ್ತೇನೆ. ಅಂಕಿ ಕದಲದಿದ್ದರೆ ಮಾತ್ರ ಕಸದ ಬುಟ್ಟಿ. ಆ ತುಣುಕುಗಳೆಲ್ಲ ಒಂದೇ ಸರದಲ್ಲಿವೆ. ಒಂದರ ಬೆಸುಗೆ ಬಿಟ್ಟರೂ ಇಡೀ ಸರ ಮೂಕ.

ಹೊಸತನ್ನು ಕೂರಿಸುವುದು ಅವಸರದ ಕೆಲಸವಲ್ಲ. ಥರ್ಮಲ್ ಪೇಸ್ಟನ್ನು ಬೆಣ್ಣೆ ಸವರುವ ಉದಾರತೆಯಿಂದ ಮೆತ್ತಬಾರದು, ಸಂದು ಮುಚ್ಚುವಷ್ಟು ಸಾಕು. ಸ್ಕ್ರೂಗಳನ್ನು ಇತ್ತ ಅರ್ಧ ಸುತ್ತು, ಅತ್ತ ಅರ್ಧ ಸುತ್ತು ಬಿಗಿಯಬೇಕು. ಒಂದೇ ಬದಿ ಎಳೆದರೆ ಪಿಂಗಾಣಿ ಚಟ್ಟೆಂದು ಸೀಳುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚದಿದ್ದರೆ ತಣ್ಣನೆಯ ಬದಿಯಲ್ಲಿ ಇಬ್ಬನಿಗಟ್ಟಿ ತುಕ್ಕು ಶುರು. ಮಂಗಳೂರಿನ ಸೆಕೆಯಲ್ಲಿ ಈ ಕಾಟ ಇನ್ನೂ ಜಾಸ್ತಿ.

ರಾಯಚೂರಿನ ಕಡೆಯದು ಬೇರೆ ಕಥೆ. ಹೊರಗೆ 40 ಡಿಗ್ರಿ ಇದ್ದರೆ ಫ್ಯಾನು ಬೀಸುವುದೂ ಆ ಕಾದ ಗಾಳಿಯನ್ನೇ; ಬಿಲ್ಲೆ ಹೆಣಗಾಡುತ್ತದೆ. ಅದೇ ಒಣ ಹವೆಯಲ್ಲಿ ಮಣ್ಣಿನ ಮಡಕೆ ಬೆವರಿ ಬೆವರಿ, ಕರೆಂಟಿಲ್ಲದೆ ಸೊಗಸಾಗಿ ತಂಪು ಕೊಡುತ್ತದೆ. ಅಲ್ಲಿನ ಗೆಳೆಯನಿಗೆ “ಮಡಕೆ ತಗೊಳ್ಳೋ ಮಾರಾಯ” ಎಂದೆ. ಕೇಳಲಿಲ್ಲ, ಡಿಸ್ಪೆನ್ಸರನ್ನೇ ಕೊಂಡ. ಈಗ ಬೇಸಿಗೆ ಬಂತೆಂದರೆ ಫೋನು: “ಇದಕ್ಕೆ ಇನ್ನೊಂದು ಫ್ಯಾನ್ ಕೂರಿಸ್ಬೋದೇನೋ?” ಕೂರಿಸಬಹುದು, ಅಳತೆ ಕಳಿಸು ಎಂದಿದ್ದೇನೆ.